ತೆಂಗಿನ ತೋಟದ ಫಸಲು, ಅಪ್ಪ-ಅಮ್ಮನ ಮನೆ ಖರ್ಚು: ಯಾವ ದಾರಿ ಯಾರಿಗೆ ಹೊಂದುತ್ತದೆ?

ತಿಪಟೂರು, ತುರುವೇಕೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ಈಗ ಇದೇ ಪರಿಸ್ಥಿತಿ. ಮಕ್ಕಳು ಬೆಂಗಳೂರಲ್ಲೋ ತುಮಕೂರಲ್ಲೋ ಕೆಲಸದಲ್ಲಿದ್ದಾರೆ. ಊರಲ್ಲಿ ಎಪ್ಪತ್ತು ದಾಟಿದ ಅಪ್ಪ, ಬಿಪಿ ಮಾತ್ರೆ ನುಂಗುವ ಅಮ್ಮ, ಎರಡು ಮೂರು ಎಕರೆ ತೆಂಗು. ಮರ ಫಸಲು ಕೊಡುತ್ತಲೇ ಇದೆ. ಕಾಯಿ ಕೀಳಿಸಿ, ಅಟ್ಟಕ್ಕೆ ಹಾಕಿಸಿ, ಮಾರಿ, ಬಂದ ಹಣದಲ್ಲಿ ವರ್ಷ ತೂಗಿಸುವ ಓಡಾಟ ಮಾತ್ರ ಅವರ ಕೈ ಮೀರುತ್ತಿದೆ.

ಇಂಥ ಹೊತ್ತಲ್ಲಿ ಮಕ್ಕಳು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಫಸಲು ಹೇಗೆ ಮಾರೋದು? ಅಪ್ಪ-ಅಮ್ಮನ ದುಡ್ಡು ಹೇಗೆ ನೋಡಿಕೊಳ್ಳೋದು? ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ಎಳನೀರಿಗೆ ಕೊಟ್ಟರೆ ಹಣ ಆಗಾಗ ಸ್ವಲ್ಪ ಸ್ವಲ್ಪ ಬರುತ್ತದೆ. ಕೊಬ್ಬರಿ ಮಾಡಿದರೆ ವರ್ಷಕ್ಕೆ ಒಂದೆರಡು ಸಲ ಗಂಟಾಗಿ ಬರುತ್ತದೆ. ಗುತ್ತಿಗೆಗೆ ಕೊಟ್ಟರೆ ಕೆಲಸಕ್ಕೆ ಮೊದಲೇ ಬರುತ್ತದೆ. ಹಣ ಬರುವ ರೀತಿ ಬೇರೆಯಾದರೆ ಅದನ್ನು ಇಡುವ ಜಾಗ, ತೆಗೆಯುವ ಕ್ರಮ ಎಲ್ಲವೂ ಬೇರೆಯಾಗುತ್ತದೆ.

ಹಾಗಾಗಿ ಮೊದಲು ಮನೆ ಖರ್ಚಿನ ಲೆಕ್ಕ ಬರೆಯಿರಿ. ಔಷಧಿ, ಗ್ಯಾಸು, ದಿನಸಿ, ಮೊಬೈಲ್ ರೀಚಾರ್ಜು, ತೋಟದ ಕೂಲಿ, ಗೊಬ್ಬರ, ಹಬ್ಬ, ಮದುವೆ ಮುಯ್ಯಿ. ಬರುವ ಕಡೆ ಪಿಎಂ ಕಿಸಾನ್‌ನ ವರ್ಷದ 6,000, ಅಮ್ಮನಿಗೆ ಗೃಹಲಕ್ಷ್ಮಿಯ ತಿಂಗಳ 2,000, ಪಿಂಚಣಿ ಇದ್ದರೆ ಅದು. ಈ ಎರಡರ ನಡುವಿನ ಕೊರತೆಯನ್ನು ತೋಟ ತುಂಬಬೇಕು. ಆ ಕೊರತೆ ತಿಂಗಳು ತಿಂಗಳು ಕಾಡುವಂಥದ್ದೋ, ವರ್ಷಕ್ಕೊಮ್ಮೆ ಬರುವಂಥದ್ದೋ ಅಂತ ತಿಳಿದರೆ ಅರ್ಧ ಆಯ್ಕೆ ಅಲ್ಲೇ ಆಯಿತು.

ಕೊಬ್ಬರಿ: ಹಣ ಜಾಸ್ತಿ, ಓಡಾಟವೂ ಜಾಸ್ತಿ

ನಮ್ಮ ಜಿಲ್ಲೆಯ ಹೆಸರು ನಿಂತಿರುವುದೇ ಉಂಡೆ ಕೊಬ್ಬರಿ ಮೇಲೆ. ಅಪ್ಪಂದಿರು ಬೇರೆ ಯಾವುದನ್ನೂ ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೆ ಕಾರಣವೂ ಇದೆ. ಬಲಿತ ಕಾಯಿ ಇಳಿಸಿ ಅಟ್ಟದ ಮೇಲೆ ಹಾಕಿದರೆ ಎಂಟರಿಂದ ಹನ್ನೆರಡು ತಿಂಗಳಲ್ಲಿ ಒಳಗಿನ ನೀರು ತಾನಾಗಿ ಇಂಗುತ್ತದೆ. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ನೀರಿನ ಸದ್ದು ಹೋಗಿ, ಗಿಟುಕು ಚಿಪ್ಪಿಗೆ ಬಡಿಯುವ ಸದ್ದು ಬಂದರೆ ಸುಲಿಯಲು ಸಿದ್ಧ ಅಂತ. ಅಷ್ಟು ದಿನವೂ ಆ ಕಾಯಿ ಮನೆಯ ಆಸ್ತಿ. ಬೆಲೆ ಬಂದಾಗ ಸುಲಿಸಬಹುದು, ಬರದಿದ್ದರೆ ಇನ್ನಷ್ಟು ದಿನ ಬಿಡಬಹುದು. ಈ ಸ್ವಾತಂತ್ರ್ಯ ಎಳನೀರಲ್ಲೂ ಇಲ್ಲ, ಹಸಿ ಕಾಯಿಯಲ್ಲೂ ಇಲ್ಲ.

ಆದರೆ ಬೆಲೆಯ ಏರಿಳಿತ ನೋಡಿ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇತ್ತು. ಮಾರುಕಟ್ಟೆಯಲ್ಲಿ ಒಂಬತ್ತು ಸಾವಿರಕ್ಕಿಂತಲೂ ಕೆಳಗಿಳಿದು ರೈತರು ಬೀದಿಗೆ ಬಂದರು. 2024ಕ್ಕೆ ಬೆಂಬಲ ಬೆಲೆ 12,000 ಆಯಿತು, 2025ಕ್ಕೆ 12,100. ಅದೇ 2025ರಲ್ಲಿ ತಿಪಟೂರು ಎಪಿಎಂಸಿಯ (ಕೃಷಿ ಮಾರುಕಟ್ಟೆಯ) ಟೆಂಡರ್‌ನಲ್ಲಿ ಬೆಲೆ ಬೆಂಬಲ ಬೆಲೆಯ ಎರಡರಷ್ಟನ್ನೂ ದಾಟಿತು. ಎಳನೀರಿಗೇ ಕಾಯಿ ಹೋಗಿದ್ದು, ರೋಗದಿಂದ ಇಳುವರಿ ಕುಸಿದಿದ್ದು ಎರಡೂ ಅದಕ್ಕೆ ಕಾರಣವಾಗಿದ್ದವು. ಔಷಧಿ ಖರ್ಚನ್ನು ಇಷ್ಟು ಜೋಲಿ ಹೊಡೆಯುವ ಬೆಲೆಯ ಮೇಲೆ ನಿಲ್ಲಿಸಲು ಆಗುತ್ತದಾ?

ಬೆಂಬಲ ಬೆಲೆ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಆದರೆ ಖರೀದಿ ಕೇಂದ್ರ ವರ್ಷವಿಡೀ ತೆರೆದಿರುವುದಿಲ್ಲ. ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಆಗಿರಬೇಕು, ಅದರಲ್ಲಿ ತೆಂಗು ಎಂದೇ ಬೆಳೆ ದಾಖಲಾಗಿರಬೇಕು, ನೋಂದಣಿಗೆ ಸಾಲು ನಿಲ್ಲಬೇಕು, ಕೊಬ್ಬರಿಯ ಗಾತ್ರ ಮತ್ತು ತೇವಾಂಶ ಪಾಸಾಗಬೇಕು, ಹಣಕ್ಕೂ ಕಾಯಬೇಕು. ಪಹಣಿ ಅಪ್ಪನ ಹೆಸರಲ್ಲಿದ್ದರೆ ಈ ಓಡಾಟವೆಲ್ಲ ಅಪ್ಪನ ತಲೆ ಮೇಲೆಯೇ. ಬೆರಳಚ್ಚು ಸವೆದು ಮೆಷಿನ್ ತೆಗೆದುಕೊಳ್ಳದೆ ವಾಪಸ್ ಬರುವ ವಯಸ್ಸಾದವರನ್ನು ಈ ಕಡೆ ಯಾರೂ ಕಾಣದೇ ಇಲ್ಲ. ಬೆಂಬಲ ಬೆಲೆಗೆ ಹೋಗುವ ಯೋಚನೆ ಇದ್ದರೆ ಆಧಾರ್‌ನಲ್ಲಿ ಬೆರಳಚ್ಚನ್ನು ಮುಂಚೆಯೇ ಹೊಸದಾಗಿ ಕೊಡಿಸಿಡಿ. ನೋಂದಣಿ ಶುರುವಾದ ಮೇಲೆ ಓಡಿದರೆ ತಡ.

ಎಪಿಎಂಸಿ ಟೆಂಡರ್‌ಗೆ ಹಾಕುವವರು ಮಂಡಿಯವರು (ಮಾಲು ಮಾರಿಸಿಕೊಡುವ ದಲ್ಲಾಳಿಗಳು) ಕೊಡುವ ಪಟ್ಟಿಯನ್ನು ಪ್ರತಿ ಸಾಲೂ ಓದಬೇಕು. ಮೂಟೆ ಎಷ್ಟು, ತೂಕ ಎಷ್ಟು, ದರ ಎಷ್ಟು, ಕೌಟು (ಕೆಟ್ಟ ಕೊಬ್ಬರಿ) ಅಂತ ಬೇರೆ ಮಾಡಿದ್ದು ಎಷ್ಟು, ಹಮಾಲಿ ಎಷ್ಟು, ಹಳೇ ಮುಂಗಡಕ್ಕೆ ಹಿಡಿದದ್ದು ಎಷ್ಟು. ಕಮಿಷನ್ ಕೊಡಬೇಕಾದವರು ಖರೀದಿದಾರರು. ಅದನ್ನು ರೈತರಿಂದ ಹಿಡಿಯುವ ಹಾಗಿಲ್ಲ. ಇಪ್ಪತ್ತು ಮೂವತ್ತು ವರ್ಷದ ನಂಬಿಕೆಯ ಮೇಲೆ ಅಪ್ಪ ಆ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಬರುತ್ತಾರೆ. ಆ ನಂಬಿಕೆಗೆ ನೀವು ಅಡ್ಡ ಬರಬೇಕಾಗಿಲ್ಲ. ಪಟ್ಟಿಯ ಫೋಟೊ ವಾಟ್ಸಾಪ್‌ಗೆ ಕಳಿಸಿ ಅಂದರೆ ಸಾಕು. ನಾಲ್ಕು ಪಟ್ಟಿ ಒಟ್ಟಿಗೆ ಇಟ್ಟಾಗ ನಿಮ್ಮ ತೋಟದ ಸಾವಿರ ಕಾಯಿಗೆ ಎಷ್ಟು ಕೆ.ಜಿ. ಕೊಬ್ಬರಿ ಬರುತ್ತಿದೆ ಅಂತ ತಿಳಿಯುತ್ತದೆ. ಉಳಿದ ಎಲ್ಲ ಹೋಲಿಕೆಗೂ ಅದೇ ಅಳತೆ.

ಎಳನೀರು ಮತ್ತು ಹಸಿ ಕಾಯಿ

ಎಳನೀರಿನ ದೊಡ್ಡ ಅನುಕೂಲ, ಕೆಲಸ ಪೂರ್ತಿ ವ್ಯಾಪಾರಿಯದು. ಅವರೇ ಬಂದು ಹತ್ತುತ್ತಾರೆ, ಹಗ್ಗ ಕಟ್ಟಿ ಗೊನೆ ಇಳಿಸುತ್ತಾರೆ, ಎಣಿಸುತ್ತಾರೆ, ದುಡ್ಡು ಕೊಟ್ಟು ಹೋಗುತ್ತಾರೆ. ಕಾಯಿ ಬಲಿಯಲು ಹನ್ನೊಂದು ಹನ್ನೆರಡು ತಿಂಗಳು ಬೇಕು. ಎಳನೀರಿಗೆ ಆರೇಳು ತಿಂಗಳು ಸಾಕು. ಅಟ್ಟ ಬೇಡ, ಸುಲಿಯುವವರ ಹಿಂದೆ ಬೀಳುವುದು ಬೇಡ, ಇಲಿ-ಅಳಿಲಿನ ಕಾಟವಿಲ್ಲ. ಅಪ್ಪನಿಗೆ ಆಪರೇಷನ್ ಆಗಿದೆ, ಅಮ್ಮ ಒಬ್ಬರೇ ಇದ್ದಾರೆ ಅನ್ನುವ ಮನೆಗೆ ಇದರಷ್ಟು ಹಗುರದ ದಾರಿ ಇನ್ನೊಂದಿಲ್ಲ. ತಿಂಗಳ ಖರ್ಚು ಎದುರಿಗೆ ಕೂತಿರುವಾಗ ಒಂದೂವರೆ ತಿಂಗಳಿಗೊಮ್ಮೆ ಬರುವ ಹಣ ತುಂಬಾ ಆಸರೆ.

ತೊಂದರೆ ಎರಡು. ಬೇಸಿಗೆಯಲ್ಲಿ ಇರುವ ಬೆಲೆ ಮಳೆಗಾಲದಲ್ಲಿ ಇರುವುದಿಲ್ಲ, ಆಗ ವ್ಯಾಪಾರಿ ಫೋನ್ ಎತ್ತುವುದೂ ಕಡಿಮೆ. ಮತ್ತೆ, ಎಣಿಕೆಯ ಹೊತ್ತಿಗೆ ಮನೆಯವರು ಒಬ್ಬರಾದರೂ ಪಕ್ಕದಲ್ಲಿ ನಿಲ್ಲಬೇಕು. ಸಣ್ಣ ಕಾಯಿ ಅಂತ ಎರಡಕ್ಕೊಂದು ಲೆಕ್ಕ ಹಿಡಿಯುವುದು ನಡೆದೇ ಇದೆ. ಅಮ್ಮ ಅಷ್ಟು ಹೊತ್ತು ನಿಲ್ಲಲಾರರು ಅಂದರೆ ಪಕ್ಕದ ತೋಟದವರ ದಿನವೇ ನಿಮ್ಮದನ್ನೂ ಕೀಳಿಸಿ. ಅವರ ಎಣಿಕೆ, ದರ ಎರಡೂ ಎದುರಿಗೇ ಇರುತ್ತದೆ.

ಹಸಿ ಕಾಯಿ ಇವೆರಡರ ನಡುವಿನದು. ಬಲಿತ ಕಾಯಿ ಇಳಿಸಿ, ಅಂಗಳದಲ್ಲೇ ಸುಲಿಸಿ, ತೂಕಕ್ಕೋ ಎಣಿಕೆಗೋ ಮಾರುವುದು. ಆಳುಗಳ ಖರ್ಚು ನಮ್ಮದು, ಆದರೆ ಸಿಪ್ಪೆ ಉಳಿಯುತ್ತದೆ. ನಾರಿನ ಫ್ಯಾಕ್ಟರಿಗೂ ಹೋಗುತ್ತದೆ, ಮರದ ಬುಡಕ್ಕೆ ಹಾಕಿದರೆ ತೇವವನ್ನೂ ಹಿಡಿಯುತ್ತದೆ. ಅಟ್ಟ ಹಳೆಯದಾಗಿ ಮುರಿದುಬೀಳುವ ಹಾಗಿರುವ ಮನೆಗಳಿಗೆ ಇದು ಹೊಂದುತ್ತದೆ.

ಎಲ್ಲ ಕಾಯಿಯನ್ನೂ ಒಂದೇ ದಾರಿಗೆ ಹಾಕಬೇಕೆಂಬ ನಿಯಮವೇನಿಲ್ಲ. ಮನೆ ಹತ್ತಿರದ ಸಾಲುಗಳನ್ನು ಎಳನೀರಿಗೆ ಬಿಟ್ಟು, ಉಳಿದದ್ದನ್ನು ಕೊಬ್ಬರಿಗೆ ಇಟ್ಟುಕೊಳ್ಳುವುದು ನನಗೆ ಎಲ್ಲಕ್ಕಿಂತ ಒಳ್ಳೆಯ ಏರ್ಪಾಟಾಗಿ ಕಾಣುತ್ತದೆ. ಮೊದಲನೆಯದು ತಿಂಗಳ ಖರ್ಚಿಗೆ, ಎರಡನೆಯದು ವರ್ಷದ ಗಂಟಿಗೆ. ಅಪ್ಪನ ಕೈಗೆ ಅವರಿಗೆ ಗೊತ್ತಿರುವ ಕೊಬ್ಬರಿ ಕೆಲಸವೂ ಸ್ವಲ್ಪ ಉಳಿಯುತ್ತದೆ. ನಲವತ್ತು ವರ್ಷ ಅಟ್ಟ ನೋಡಿಕೊಂಡವರಿಂದ ಅದನ್ನು ಒಂದೇ ದಿನ ಕಿತ್ತುಕೊಳ್ಳಬೇಡಿ.

ಗುತ್ತಿಗೆಯೋ, ವಾರವೋ

ಯಾರಿಂದಲೂ ಆಗುವುದಿಲ್ಲ ಅಂದಾಗ ತೋಟವನ್ನು ವರ್ಷಕ್ಕೆ ಇಷ್ಟು ಅಂತ ಗುತ್ತಿಗೆಗೆ ಕೊಡುವುದು ಒಂದು ದಾರಿ. ಗುಬ್ಬಿ ಕಡೆ ಅಡಿಕೆಗೆ ಚೇಣಿ ಕೊಡುವುದು, ಹುಣಸೆ ಮರವನ್ನು ಕಾಯಿ ನೋಡಿ ಒಟ್ಟಿಗೆ ಮಾತಾಡುವುದು ಎಲ್ಲವೂ ಇದೇ ಜಾತಿಯವು. ಹಣ ನಿಶ್ಚಿತ, ತಲೆಬಿಸಿ ಇಲ್ಲ. ಆದರೆ ಬೆಲೆ ಏರಿದರೆ ಲಾಭ ಗುತ್ತಿಗೆದಾರರದು. 2025ರಂಥ ವರ್ಷದಲ್ಲಿ ಹಿಂದಿನ ವರ್ಷದ ದರಕ್ಕೆ ತೋಟ ಬಿಟ್ಟುಕೊಟ್ಟವರು ಎಷ್ಟು ಕಳೆದುಕೊಂಡಿರಬಹುದು, ಯೋಚಿಸಿ.

ಇನ್ನೊಂದು ಭಯ ಮರದ್ದು. ಒಂದು ವರ್ಷಕ್ಕೆ ಬಂದವರಿಗೆ ಗೊಬ್ಬರ ಹಾಕುವ, ನೀರು ಬಿಡುವ ಆಸೆ ಯಾಕಿರುತ್ತದೆ? ನುಸಿಪೀಡೆ, ಕಪ್ಪುತಲೆ ಹುಳು, ರಸ ಸೋರುವ ರೋಗ, ಬಿಳಿ ನೊಣ ಎಲ್ಲವೂ ನಮ್ಮ ತೋಟಗಳಲ್ಲಿ ಇವೆ. ಕಾಂಡದಿಂದ ಕೆಂಪಗೆ ರಸ ಇಳಿಯುವುದನ್ನು ಮೊದಲ ತಿಂಗಳಲ್ಲೇ ಕಂಡು ಹೇಳುವುದು ತೋಟದ ಯಜಮಾನರು ಮಾತ್ರ. ಅದಕ್ಕೆ, ಗುತ್ತಿಗೆಗೆ ಕೊಟ್ಟರೂ ಗೊಬ್ಬರ-ನೀರಿನ ಜವಾಬ್ದಾರಿ ಯಾರದು ಅಂತ ಕಾಗದದಲ್ಲಿ ಬರೆಸಿ. ಹಣ ಎರಡು ಕಂತಾದರೆ ಎರಡನೆಯದರ ದಿನಾಂಕವನ್ನೂ ಬರೆಸಿ. ಹತ್ತುವವರು ಬಿದ್ದರೆ ಹೊಣೆ ಯಾರದು ಅನ್ನುವುದೂ ಅದರಲ್ಲಿರಲಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಮಾಡಿಸಿಕೊಂಡಿದ್ದಾರಾ ಅಂತ ಕೇಳಿ ನೋಡುವುದು ಅವರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ವಾರಕ್ಕೆ, ಅಂದರೆ ಪಾಲಿಗೆ ಕೊಡುವುದು, ಪಕ್ಕದಲ್ಲೇ ಇರುವ ನಂಬಿಕಸ್ಥ ಕುಟುಂಬ ಸಿಕ್ಕರೆ ಗುತ್ತಿಗೆಗಿಂತ ಎಷ್ಟೋ ಮೇಲು. ಇಬ್ಬರಿಗೂ ಮರ ಚೆನ್ನಾಗಿರುವುದು ಬೇಕಾಗಿರುತ್ತದೆ. ಸಿಗದಿದ್ದರೆ ಒತ್ತಾಯಕ್ಕೆ ಹುಡುಕಬೇಡಿ.

ಖಾತೆಗೆ ನಿಮ್ಮ ಹೆಸರು ಹೇಗೆ ಸೇರಬೇಕು

ಇಲ್ಲಿ ತುಂಬಾ ಜನ ಸುಲಭದ ದಾರಿ ಹಿಡಿಯುತ್ತಾರೆ. ಅಪ್ಪನ ಎಟಿಎಂ ಕಾರ್ಡು ಮಗನ ಪರ್ಸಿನಲ್ಲಿ, ಪಿನ್ ಮಗನ ಬಾಯಲ್ಲಿ. ಇದು ಬೇಡ. ಅಣ್ಣ-ತಮ್ಮ, ಅಕ್ಕ-ತಂಗಿಯರ ನಡುವೆ ಮುಂದೆ ಮಾತು ಬರುವುದು ಇಲ್ಲಿಂದಲೇ. ಅದೂ ಅಲ್ಲದೆ, ಐದು ನೂರು ರೂಪಾಯಿಗೂ ಮಗನ ಮುಖ ನೋಡುವ ಸ್ಥಿತಿ ಅಪ್ಪನಿಗೆ ಬರಬಾರದು.

ಜಂಟಿ ಖಾತೆ ಒಂದು ದಾರಿ. ಇದರಲ್ಲೇ ಎರಡು ಬಗೆ ಇವೆ, ಬ್ಯಾಂಕಿನ ಫಾರಂನಲ್ಲಿ ಟಿಕ್ ಹಾಕುವಾಗ ಗಮನ ಇಡಿ. ‘ಈದರ್ ಆರ್ ಸರ್ವೈವರ್’ ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದು. ‘ಫಾರ್ಮರ್ ಆರ್ ಸರ್ವೈವರ್’ ಅಂದರೆ ಮೊದಲ ಹೆಸರಿನವರು ಇರುವವರೆಗೆ ಅವರು ಮಾತ್ರ, ಅವರ ನಂತರ ಎರಡನೆಯವರು. ಆಸ್ಪತ್ರೆಗೆ ದಿಢೀರ್ ಹಣ ಬೇಕಾಗಬಹುದು ಅನ್ನುವ ಖಾತೆಗೆ ಮೊದಲನೆಯದು ಸರಿ. ದೊಡ್ಡ ಡಿಪಾಸಿಟ್‌ಗೆ ಎರಡನೆಯದನ್ನೇ ನಾನು ಆರಿಸುತ್ತೇನೆ, ಅದೂ ಅಪ್ಪ-ಅಮ್ಮ ಇಬ್ಬರ ಹೆಸರಲ್ಲಿ. ಸರ್ಕಾರದ ಹಣ ಬೀಳುವ, ಆಧಾರ್ ಜೋಡಿಸಿದ ಹಳೇ ಖಾತೆಯನ್ನು ಮುಟ್ಟಬೇಡಿ, ಅದು ಹಾಗೇ ಇರಲಿ. ಕೊಬ್ಬರಿ ಹಣಕ್ಕೆ ಬೇರೆ ಖಾತೆ ತೆರೆಯಿರಿ.

ಜಿಪಿಎ, ಅಂದರೆ ಅವರ ಪರವಾಗಿ ಕೆಲಸ ಮಾಡಲು ಬರೆದುಕೊಡುವ ಅಧಿಕಾರ ಪತ್ರ, ಇನ್ನೊಂದು ದಾರಿ. ಬ್ಯಾಂಕು, ಸೊಸೈಟಿ, ಬೆಸ್ಕಾಂ, ತಾಲ್ಲೂಕು ಕಚೇರಿ ಎಲ್ಲ ಕಡೆ ಓಡಾಡಲು ಅನುಕೂಲ. ಬರೆಸುವಾಗ ಜಮೀನು ಮಾರುವ ಅಧಿಕಾರ ಸೇರಿಸಬೇಡಿ, ಕೆಲಸಗಳನ್ನು ಹೆಸರಿಟ್ಟು ಬರೆಸಿ. ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯವಿದೆ. ಬರೆದುಕೊಟ್ಟವರು ತೀರಿಕೊಂಡರೆ ಜಿಪಿಎ ಅಲ್ಲಿಗೆ ಮುಗಿಯಿತು. ಅವರಿಗೆ ಬುದ್ಧಿ ಸ್ಥಿಮಿತ ತಪ್ಪಿದರೂ ಅಷ್ಟೇ. ಮರೆವಿನ ಕಾಯಿಲೆ ಜೋರಾದ ಮೇಲೆ ಜಿಪಿಎ ಇದೆ ಅಂತ ನಂಬಿಕೊಂಡರೆ ಅದು ಕೈಗೆ ಬರುವುದಿಲ್ಲ. ಆ ಭಯ ಇರುವ ಮನೆಗಳಲ್ಲಿ ಜಂಟಿ ಖಾತೆಯನ್ನು ಅಪ್ಪ ಅಥವಾ ಅಮ್ಮ ಗಟ್ಟಿಮುಟ್ಟಾಗಿರುವಾಗಲೇ ಮಾಡಿಸಿ.

ಮೊಬೈಲ್ ಚೆನ್ನಾಗಿ ಬಳಸುವ ತಂದೆ ತಾಯಿಗೆ 2024ರಲ್ಲಿ ಬಂದ ಯುಪಿಐ ಸರ್ಕಲ್ ನೋಡಿ. ನಿಮ್ಮ ಖಾತೆಯಿಂದ ಅವರು ತಮ್ಮ ಫೋನಿನಲ್ಲೇ ಹಣ ಕಟ್ಟಬಹುದು. ಪೂರ್ತಿ ಅನುಮತಿ ಕೊಟ್ಟರೆ ತಿಂಗಳಿಗೆ 15,000ದ ಮಿತಿ, ಒಂದು ಸಲಕ್ಕೆ 5,000. ಔಷಧಿ ಅಂಗಡಿಗೆ, ದಿನಸಿಗೆ ಅಷ್ಟು ಸಾಕು. ಮೋಸದ ಕರೆಗೆ ಸಿಕ್ಕಿಕೊಂಡರೂ ಹೋಗುವ ಹಣಕ್ಕೆ ಒಂದು ಮಿತಿ ಇರುತ್ತದೆ. ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವ ಕರೆಗಳ ಬಗ್ಗೆ ಅವರಿಗೆ ಮೊದಲೇ ಹೇಳಿ, ಸೈಬರ್ ಮೋಸದ ದೂರಿಗೆ ಇರುವ 1930 ನಂಬರನ್ನು ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ತೋಟವನ್ನೇ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಸಿಬಿಟ್ಟರೆ ಎಲ್ಲ ಸಲೀಸು ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಪಹಣಿ ಹೋದ ದಿನವೇ ಫ್ರೂಟ್ಸ್ ಐಡಿ, ಪಿಎಂ ಕಿಸಾನ್, ಬೆಳೆ ಸಾಲ ಎಲ್ಲದರ ಕಥೆ ಬದಲಾಗುತ್ತದೆ. ಮಾಡಲೇಬೇಕೆಂದರೆ, ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಷರತ್ತು ಮುರಿದರೆ ಆ ಪತ್ರ ರದ್ದು ಮಾಡಿಸಲು ಉಪವಿಭಾಗಾಧಿಕಾರಿ ಹತ್ತಿರ ಹೋಗಬಹುದು.

ಗಂಟಾಗಿ ಬಂದ ಹಣಕ್ಕೆ ಜಾಗ

ಕೊಬ್ಬರಿಗೆ ಒಳ್ಳೆ ಬೆಲೆ ಸಿಕ್ಕ ವರ್ಷ ಐದು ಲಕ್ಷ ಉಳಿಯಿತು ಅಂದುಕೊಳ್ಳಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 60 ದಾಟಿದವರು 30 ಲಕ್ಷದವರೆಗೆ ಹಾಕಬಹುದು. 2023ರ ಏಪ್ರಿಲ್‌ನಿಂದ ಬಡ್ಡಿ ಶೇ. 8.2. ಹಾಕಿದ ದಿನದ ದರ ಐದು ವರ್ಷ ಕದಲುವುದಿಲ್ಲ. ಐದು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 10,250 ಖಾತೆಗೆ ಬೀಳುತ್ತದೆ. ತಿಂಗಳು ತಿಂಗಳೇ ಬೇಕು ಅನ್ನುವವರಿಗೆ ಮಾಸಿಕ ಆದಾಯ ಯೋಜನೆ ಇದೆ. 7.4ರ ದರದಲ್ಲಿ ಅದೇ ಐದು ಲಕ್ಷಕ್ಕೆ ತಿಂಗಳಿಗೆ ಸುಮಾರು 3,083. ಒಬ್ಬರ ಹೆಸರಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷ ಮಿತಿ. ಎಳನೀರಿನ ಹಣ ಬರುತ್ತಿರುವ ಮನೆಗೆ ಮೊದಲನೆಯದು, ಕೊಬ್ಬರಿಯನ್ನೇ ನಂಬಿದ ಮನೆಗೆ ಎರಡನೆಯದು ಅನ್ನುವುದು ನನ್ನ ಸಲಹೆ. ಹೊಸದಾಗಿ ಹಾಕುವ ಮುನ್ನ ಆ ತ್ರೈಮಾಸಿಕದ ದರವನ್ನು ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಿ.

ಬ್ಯಾಂಕ್ ಡಿಪಾಸಿಟ್‌ನ ಬಡ್ಡಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ, ಆದರೆ ಬೇಕೆಂದಾಗ ಮುರಿಯಬಹುದು. ವರ್ಷದ ಕೂಲಿ, ಗೊಬ್ಬರ, ಒಂದು ಆಸ್ಪತ್ರೆ ಖರ್ಚು ಆಗುವಷ್ಟು ಅಲ್ಲಿರಲಿ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಐದು ಲಕ್ಷದವರೆಗೆ ಮಾತ್ರ ವಿಮೆ. ಊರಿನ ಸಹಕಾರ ಸೊಸೈಟಿಗಳು ಒಂದೆರಡು ರೂಪಾಯಿ ಜಾಸ್ತಿ ಬಡ್ಡಿ ಹೇಳುತ್ತವೆ. ಪತ್ತಿನ ಸಹಕಾರ ಸಂಘಗಳ ಡಿಪಾಸಿಟ್‌ಗೆ ಆ ವಿಮೆ ಇಲ್ಲ. ಪರಿಚಯದವರೇ ಡೈರೆಕ್ಟರು ಅನ್ನುವ ಕಾರಣಕ್ಕೆ ಮುಪ್ಪಿನ ಹಣ ಅಲ್ಲಿಡಬೇಡಿ.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆ ಹಣದ ಮೇಲೆ ಬಂದ ಬಡ್ಡಿ ಮಾತ್ರ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮಂಡಿ ಪಟ್ಟಿಗಳನ್ನು ಎಸೆಯಬೇಡಿ. ಹಣ ಎಲ್ಲಿಂದ ಬಂತು ಅಂದರೆ ತೋರಿಸಲು ಅವೇ ದಾಖಲೆ. ಬಡ್ಡಿ ಜಾಸ್ತಿಯಾಗಿ ತೆರಿಗೆ ಕಟ್ಟುವ ಹಂತಕ್ಕೆ ಹೋದರೆ ಪಿಎಂ ಕಿಸಾನ್ ನಿಲ್ಲುತ್ತದೆ ಎಂಬುದೂ ನೆನಪಿರಲಿ. ಅಪ್ಪ-ಅಮ್ಮನ ಹೆಸರಲ್ಲಿ ಹಂಚಿ ಇಡುವುದಕ್ಕೆ ಇದೂ ಒಂದು ಕಾರಣ.

ಸಾಲದ ವಾಯಿದೆ ಮತ್ತು ಸುಲಿಯುವ ತಿಂಗಳು

ಸಹಕಾರ ಸಂಘದಲ್ಲಿ ಐದು ಲಕ್ಷದವರೆಗಿನ ಬೆಳೆ ಸಾಲಕ್ಕೆ ರಾಜ್ಯದಲ್ಲಿ ಬಡ್ಡಿ ಇಲ್ಲ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ ಮೂರು ಲಕ್ಷದವರೆಗೆ ಶೇ. 7, ಸಮಯಕ್ಕೆ ಕಟ್ಟಿದರೆ ಶೇ. 4. ಎರಡಕ್ಕೂ ಷರತ್ತು ಒಂದೇ, ವಾಯಿದೆ ತಪ್ಪಬಾರದು. ವಯಸ್ಸಾದವರು ಹಣ ಇಲ್ಲದೆ ತಪ್ಪಿಸುವುದಕ್ಕಿಂತ ತಾರೀಖು ಮರೆತು ತಪ್ಪಿಸುವುದೇ ಜಾಸ್ತಿ. ವಾಯಿದೆಯ ದಿನವನ್ನು ನಿಮ್ಮ ಫೋನಿಗೆ ಹಾಕಿಕೊಳ್ಳಿ. ಅದಕ್ಕೆ ಎರಡು ತಿಂಗಳು ಮೊದಲೇ ಅಟ್ಟದಿಂದ ಒಂದಷ್ಟು ಕಾಯಿ ಸುಲಿಯಲು ಸಿದ್ಧವಾಗುವಂತೆ ನೋಡಿಕೊಳ್ಳಿ. ಬೆಲೆ ಇಳಿದಿದ್ದರೂ ಸಾಲಕ್ಕೆ ಬೇಕಾದಷ್ಟು ಮಾರಿ, ಉಳಿದದ್ದನ್ನು ಬೆಲೆ ಬರುವವರೆಗೆ ಇಟ್ಟುಕೊಳ್ಳಿ. ವಾಯಿದೆಗೆ ಅಂತ ಮಂಡಿಯಲ್ಲಿ ಮುಂಗಡ ತಂದರೆ ಮುಂದಿನ ಕೊಬ್ಬರಿ ಅದೇ ಮಂಡಿಗೇ ಹೋಗಬೇಕಾಗುತ್ತದೆ. ಬೇರೆಡೆ ದರ ಕೇಳುವ ಹಾಗಿರುವುದಿಲ್ಲ.

ಇನ್ನು ಅಮ್ಮನ ವಿಷಯ. ಪಹಣಿ, ಖಾತೆ, ಸಾಲ, ಡಿಪಾಸಿಟ್ ಎಲ್ಲ ಅಪ್ಪನ ಹೆಸರಲ್ಲೇ ಇರುವ ಮನೆಗಳೇ ಹೆಚ್ಚು. ಪ್ರತಿ ಖಾತೆಯಲ್ಲೂ ನಾಮಿನಿ ಯಾರು ಅಂತ ನೋಡಿ. ತೀರಿಹೋದ ಅಜ್ಜಿಯ ಹೆಸರು ಇನ್ನೂ ಅಲ್ಲೇ ಇರಬಹುದು. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ನಾಮಿನಿ ಆದವರು ಹಣ ಪಡೆಯುತ್ತಾರೆ ಅಷ್ಟೇ, ಹಕ್ಕು ವಾರಸುದಾರರದು. ಇದನ್ನು ಒಡಹುಟ್ಟಿದವರೆಲ್ಲ ಇರುವಾಗಲೇ ಬಿಡಿಸಿ ಹೇಳಿ. ಎಲ್ಲೋ ಹಳೇ ಖಾತೆ ಇತ್ತು ಅಂತ ಅಪ್ಪ ಹೇಳಿದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಿ. ಹತ್ತು ವರ್ಷ ಯಾರೂ ಮುಟ್ಟದ ಖಾತೆಗಳ ವಿವರ ಅಲ್ಲಿ ಸಿಗುತ್ತದೆ.

ಯುಗಾದಿಗೋ ದೀಪಾವಳಿಗೋ ಊರಿಗೆ ಹೋದಾಗ ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಅಪ್ಪ ಹೇಳಲಿ, ಅಮ್ಮ ಪಕ್ಕದಲ್ಲಿ ಕೂರಲಿ, ನೀವು ಬರೆಯಿರಿ. ಯಾವ ಮಂಡಿಯಲ್ಲಿ ಬಾಕಿ ಇದೆ, ಸೊಸೈಟಿ ವಾಯಿದೆ ಯಾವತ್ತು, ಅಟ್ಟದಲ್ಲಿ ಯಾವ ತಿಂಗಳ ಕಾಯಿ ಎಷ್ಟಿದೆ, ಯಾರಿಗೆ ಕೈಸಾಲ ಕೊಟ್ಟಿದ್ದಾರೆ, ಚೀಟಿ ಯಾರ ಹತ್ತಿರ ಹಾಕಿದ್ದಾರೆ. ಒಂದೇ ಸಲಕ್ಕೆ ಎಲ್ಲ ನೆನಪಾಗುವುದಿಲ್ಲ, ಅವಸರ ಮಾಡಬೇಡಿ. ಬರೆದದ್ದರ ಫೋಟೊ ಎಲ್ಲ ಮಕ್ಕಳ ಫೋನಿಗೂ ಹೋಗಲಿ, ನೋಟ್‌ಬುಕ್ ಮಾತ್ರ ಅಮ್ಮನ ಬೀರುವಿನಲ್ಲೇ ಇರಲಿ.